ಹಿಗ್ಗುವ ಹಳಿ, ಹಿಗ್ಗುವ ವಿಶ್ವ

“ಹಳಿ ಹಿಗ್ಗಿದರೆ ಎಲ್ಲಿಗೆ ಹಿಗ್ಗಿತು ಅಂತ ಬೆರಳಿಟ್ಟು ತೋರಿಸಬಲ್ಲೆ. ವಿಶ್ವ ಹಿಗ್ಗುತ್ತಿದೆ ಅಂತೀರಲ್ಲ, ಅದು ಹಿಗ್ಗುವುದಕ್ಕೆ ಜಾಗ ಎಲ್ಲಿದೆ?”

ಹೀಗೆ ಕೇಳಿದವರು ರೈಲ್ವೆಯಲ್ಲಿ ಹಳಿಗಳ ಉಸ್ತುವಾರಿ ನೋಡಿಕೊಂಡು ನಿವೃತ್ತರಾದ ಎಂಜಿನಿಯರ್. ಅವರ ಮನೆ ಕೆಂಗೇರಿ ಉಪನಗರದಲ್ಲಿ. ಎದುರಿಗೆ ಕುಳಿತವರು ಇಬ್ಬರು: ಬಸವೇಶ್ವರನಗರದ ಗಣಿತದ ಮೇಷ್ಟ್ರು ಮತ್ತು ಜ್ಞಾನಭಾರತಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವ ವಿಜಯನಗರದ ವಿದ್ಯಾರ್ಥಿನಿ. ನೆಹರೂ ತಾರಾಲಯದಲ್ಲಿ ಉಪನ್ಯಾಸ ಕೇಳಿ, ಮೂವರೂ ಮೇಷ್ಟ್ರ ಮನೆಗೆ ಬಂದಿದ್ದರು. ತಾರಾಲಯಕ್ಕೆ ಬಂದವರು ಕೇಳುವ ಪ್ರಶ್ನೆಗಳಲ್ಲಿ ಇದು ತುಂಬ ಹಳೆಯದು, ತುಂಬ ಒಳ್ಳೆಯದು.

“ಮೊದಲು ನಿಮ್ಮ ಹಳಿಯ ವಿಷಯ ಹೇಳಿ ಸಾರ್. ಉತ್ತರದ ಅರ್ಧ ಅಲ್ಲೇ ಇದೆ,” ಎಂದಳು ವಿದ್ಯಾರ್ಥಿನಿ.

ಎಂಜಿನಿಯರ್ ಲೆಕ್ಕ ಬಿಚ್ಚಿದರು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾಳಿಯೇ 39.2 ಡಿಗ್ರಿ ಮುಟ್ಟಿತ್ತು. ಬಿಸಿಲಿಗೆ ಮೈಯೊಡ್ಡಿದ ಹಳಿ ಅಂಥ ಗಾಳಿಗಿಂತಲೂ 15–20 ಡಿಗ್ರಿ ಹೆಚ್ಚು ಕಾಯುತ್ತದೆ. ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ 30 ಡಿಗ್ರಿ ಅಂತರವಿದ್ದರೆ ಒಂದು ಕಿಲೋಮೀಟರ್ ಹಳಿ 36 ಸೆಂಟಿಮೀಟರ್ ಬೆಳೆಯಬೇಕು.

“ಹಿಂದೆ 13 ಮೀಟರಿನ ತುಂಡುಗಳನ್ನು ಫಿಶ್‌ಪ್ಲೇಟ್ ಹಾಕಿ ಜೋಡಿಸುತ್ತಿದ್ದೆವು. ತುಂಡಿಗೂ ತುಂಡಿಗೂ ಕೆಲವು ಮಿಲಿಮೀಟರ್ ಸಂದು. ಗಾಲಿ ಆ ಸಂದು ದಾಟುವಾಗ ಬರುತ್ತಿದ್ದದ್ದೇ ಟಕಟಕ ಸದ್ದು. ಈಗ ಮೈಸೂರು ಲೈನಿನಲ್ಲಿ ಆ ಸದ್ದು ಕೇಳಿಸುವುದು ಕಡಿಮೆ. ಹಳಿ ಬೆಸೆದು ಕಿಲೋಮೀಟರ್‌ಗಟ್ಟಲೆ ಒಂದೇ ತುಂಡು ಮಾಡುತ್ತಾರೆ.”

“ಹಾಗಾದರೆ ಆ 36 ಸೆಂಟಿಮೀಟರ್?” ಎಂದರು ಮೇಷ್ಟ್ರು.

“ಹಿಗ್ಗಲು ಬಿಡುವುದಿಲ್ಲ. ಕ್ಲಿಪ್ಪು, ಸ್ಲೀಪರ್, ಜಲ್ಲಿ ಸೇರಿ ಹಳಿಯನ್ನು ಹಿಡಿದುಕೊಳ್ಳುತ್ತವೆ. ಎರಡೂ ತುದಿಯ ನೂರು ಮೀಟರಿನಷ್ಟು ಮಾತ್ರ ಹಿಂದೆ ಮುಂದೆ ಆಡುತ್ತದೆ. ಅದಕ್ಕೆ ಬ್ರೀದಿಂಗ್ ಲೆಂಗ್ತ್ ಅಂತೀವಿ. ನಡುವಿನ ಹಳಿ ಅಲುಗದು, ಬದಲಿಗೆ ಒಳಗೇ ಒತ್ತಡ ತುಂಬಿಕೊಳ್ಳುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ 30 ಡಿಗ್ರಿ ಏರಿದರೆ ಸುಮಾರು 55 ಟನ್ ತಳ್ಳುವ ಬಲ. ಜಲ್ಲಿ ಸಡಿಲವಾಗಿದ್ದರೆ ಹಳಿ ಅಡ್ಡಕ್ಕೆ ಬಾಗಿಬಿಡುತ್ತದೆ. ಬೇಸಿಗೆಯಲ್ಲಿ ಗ್ಯಾಂಗ್‌ಮನ್‌ಗಳು ನಡೆದುಕೊಂಡೇ ಹೋಗಿ ಹಳಿ ನೋಡುವುದು ಇದೇ ಭಯಕ್ಕೆ.”

ವಿದ್ಯಾರ್ಥಿನಿ ಕಾಗದದ ಮೇಲೆ ಒಂದು ಗೆರೆ ಎಳೆದು ಮೂರು ಚುಕ್ಕೆ ಇಟ್ಟಳು: ಕೆಂಗೇರಿ, ನಾಯಂಡಹಳ್ಳಿ, ವಿಜಯನಗರ. “ಯಾವ ಕ್ಲಿಪ್ಪೂ ಇಲ್ಲದೆ ಸ್ವತಂತ್ರವಾಗಿ ಬಿದ್ದಿರುವ ಹಳಿ ಅಂದುಕೊಳ್ಳಿ. ಚುಕ್ಕೆಗಳ ನಡುವೆ ಐದೈದು ಕಿಲೋಮೀಟರ್. ಇಡೀ ಹಳಿ ನೂರಕ್ಕೆ ಹತ್ತರಷ್ಟು ಹಿಗ್ಗಿತು ಅನ್ನೋಣ. ಕೆಂಗೇರಿಯಲ್ಲಿ ನಿಂತವರಿಗೆ ನಾಯಂಡಹಳ್ಳಿ ಅರ್ಧ ಕಿಲೋಮೀಟರ್ ಆಚೆ ಹೋಯಿತು. ವಿಜಯನಗರ?”

“ಒಂದು ಕಿಲೋಮೀಟರ್.”

“ಎರಡರಷ್ಟು ದೂರ ಇದ್ದದ್ದು ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಸರಿಯಿತು. ಈಗ ನಾಯಂಡಹಳ್ಳಿಯಲ್ಲಿ ನಿಲ್ಲಿ. ಕೆಂಗೇರಿ ಒಂದು ಕಡೆಗೆ ಅರ್ಧ ಕಿಲೋಮೀಟರ್ ಹೋಯಿತು, ವಿಜಯನಗರ ಇನ್ನೊಂದು ಕಡೆಗೆ ಅರ್ಧ ಕಿಲೋಮೀಟರ್. ನಾಯಂಡಹಳ್ಳಿಯವರಿಗೆ ತಾವೇ ನಡುವೆ ಇದ್ದ ಹಾಗೆ ಕಾಣುತ್ತದೆ. ಪ್ರತಿ ನಿಲ್ದಾಣದವರಿಗೂ ಹಾಗೇ. 1929ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳಲ್ಲಿ ಕಂಡದ್ದು ಇದೇ ನಿಯಮ. ದೂರ ಎರಡರಷ್ಟಾದರೆ ವೇಗವೂ ಎರಡರಷ್ಟು.”

ಈ ನಿಯಮದ ಹಿಂದೆ ಹಬಲ್ ಒಬ್ಬರೇ ಇರಲಿಲ್ಲ. 1912ರಿಂದಲೇ ವೆಸ್ಟೊ ಸ್ಲೈಫರ್ ಗೆಲಾಕ್ಸಿಗಳ ಬೆಳಕನ್ನು ಬಿಡಿಸಿ ನೋಡಿ ಅವುಗಳ ವೇಗ ಅಳೆಯತೊಡಗಿದ್ದರು. 1922ರಲ್ಲಿ ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ ಐನ್‌ಸ್ಟೈನರ ಸಮೀಕರಣಗಳಿಂದ ಹಿಗ್ಗುವ ವಿಶ್ವವನ್ನು ಲೆಕ್ಕ ಹಾಕಿ ತೋರಿಸಿದರು. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ 1927ರಲ್ಲೇ ವೇಗ ಮತ್ತು ದೂರದ ಈ ಸಂಬಂಧ ಬರೆದಿದ್ದರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಮತ ಹಾಕಿ, ಇದನ್ನು ಹಬಲ್–ಲೆಮೈತ್ರ್ ನಿಯಮ ಎಂದು ಕರೆಯಬೇಕೆಂದು ಶಿಫಾರಸು ಮಾಡಿತು.

“ಸರಿ, ಆದರೆ ನನ್ನ ಹಳಿಗೆ ತುದಿ ಇದೆ,” ಎಂಜಿನಿಯರ್ ಪಟ್ಟು ಬಿಡಲಿಲ್ಲ. “ತುದಿ ಮುಂದಕ್ಕೆ ಹೋಗುವುದಕ್ಕೆ ಖಾಲಿ ಜಾಗ ಬೇಕು.”

“ತುದಿಯೇ ಇಲ್ಲದ ಹಳಿ ಅಂದುಕೊಳ್ಳಿ. ಎರಡೂ ಕಡೆ ಮುಗಿಯುವುದೇ ಇಲ್ಲ. ಆಗಲೂ ಕೆಂಗೇರಿಗೂ ನಾಯಂಡಹಳ್ಳಿಗೂ ನಡುವಿನ ದೂರ ಐದರಿಂದ ಐದೂವರೆ ಆಗಬಹುದಲ್ಲ? ಅದಕ್ಕೆ ಹೊರಗಿನ ಜಾಗ ಯಾಕೆ ಬೇಕು?”

ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಮಾತಾಡಿದವರು ಮೇಷ್ಟ್ರು. “ನಾವು ಹಿಗ್ಗುವುದು ಅಂದಕೂಡಲೇ ನೆನೆಯುವುದು ನಮ್ಮ ಊರನ್ನು. ಕೆಂಪಾಂಬುಧಿ ಕೆರೆಯ ಹತ್ತಿರದ ಗೋಪುರ ಒಂದು ಕಾಲಕ್ಕೆ ಬೆಂಗಳೂರಿನ ಪಶ್ಚಿಮದ ಗಡಿ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆಗಳು, 110 ಹಳ್ಳಿಗಳ ಜೊತೆ ಕೆಂಗೇರಿ ಪುರಸಭೆಯೂ ಒಳಗೆ ಬಂತು. ನಗರ ಬೆಳೆಯಿತು, ನಿಜ. ಆದರೆ ವಿಜಯನಗರದಿಂದ ಮೆಜೆಸ್ಟಿಕ್‌ಗೆ ಇದ್ದ ದೂರ ಒಂದು ಗೇಣೂ ಹೆಚ್ಚಲಿಲ್ಲ. ಅಂಚಿಗೆ ಹೊಸದು ಸೇರಿತು, ಅಷ್ಟೆ.”

“ವಿಶ್ವದಲ್ಲಿ ಇದರ ತಿರುವುಮುರುವು,” ಎಂದಳು ವಿದ್ಯಾರ್ಥಿನಿ. “ಅಂಚಿಗೆ ಏನೂ ಸೇರುವುದಿಲ್ಲ, ಯಾರೂ ಅಂಚು ಕಂಡೂ ಇಲ್ಲ. ಬೆಳೆಯುವುದು ಗೆಲಾಕ್ಸಿ ಗುಂಪುಗಳ ನಡುವಿನ ದೂರ. ಪುಸ್ತಕಗಳಲ್ಲಿ ಬಲೂನಿನ ಚಿತ್ರ ಕೊಡುತ್ತಾರೆ. ಅದನ್ನು ನೋಡಿದವರು ಬಲೂನಿನ ಒಳಗಿನ ಗಾಳಿ, ಹೊರಗಿನ ಕೋಣೆ ಎರಡನ್ನೂ ಜೊತೆಗೆ ಕಲ್ಪಿಸಿಕೊಂಡುಬಿಡುತ್ತಾರೆ.”

“ಹಾಗಿದ್ದರೆ ನಾವೂ ಹಿಗ್ಗುತ್ತಿದ್ದೇವಾ? ಈ ಮೇಜು, ಈ ಮನೆ?”

“ಇಲ್ಲ. ಮೇಜನ್ನು ಪರಮಾಣುಗಳ ನಡುವಿನ ವಿದ್ಯುತ್ ಬಲ ಹಿಡಿದಿದೆ. ಸೌರಮಂಡಲವನ್ನು, ಕ್ಷೀರಪಥವನ್ನು ಗುರುತ್ವ ಹಿಡಿದಿದೆ. ಆಂಡ್ರೊಮಿಡಾ ಗೆಲಾಕ್ಸಿ ನಮ್ಮಿಂದ ದೂರ ಹೋಗುವುದಿರಲಿ, ಹತ್ತಿರವೇ ಬರುತ್ತಿದೆ. ಸ್ಲೈಫರ್ ಮೊದಲು ಅಳೆದ ಗೆಲಾಕ್ಸಿಯೇ ಅದು, ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮ ಸೂರ್ಯನ ಕಡೆಗೆ.”

“ನಡುವಿನ ಹಳಿಯನ್ನು ಜಲ್ಲಿ ಹಿಡಿದ ಹಾಗೆ.”

“ಅಲ್ಲಿ ಒಂದು ವ್ಯತ್ಯಾಸ ಇದೆ ಸಾರ್. ನಿಮ್ಮ ಹಳಿಯಲ್ಲಿ ಹಿಗ್ಗು ತಡೆದಷ್ಟೂ ಒತ್ತಡ ತುಂಬುತ್ತದೆ. ಕ್ಷೀರಪಥದಲ್ಲಿ ಅಂಥ ಒತ್ತಡ ದಿನದಿಂದ ದಿನಕ್ಕೆ ಕೂಡಿಕೊಳ್ಳುತ್ತಿಲ್ಲ. ವಿಶ್ವದ ಹಿಗ್ಗು ಅಂದರೆ ಎಲ್ಲವನ್ನೂ ಸದಾ ಎಳೆಯುತ್ತಿರುವ ಬಲ ಅಲ್ಲ, ಗೆಲಾಕ್ಸಿಗಳು ಒಂದರಿಂದ ಒಂದು ದೂರವಾಗುತ್ತಿರುವ ಚಲನೆ. ಬಹಳ ಹಿಂದೆಯೇ ಗುರುತ್ವದಿಂದ ಒಟ್ಟುಗೂಡಿ ನಿಂತ ಗುಂಪು ಆ ಚಲನೆಯಿಂದ ಕಳಚಿಕೊಂಡಿದೆ.”

ಎರಡು ಹಿಗ್ಗುಗಳ ಪ್ರಮಾಣವನ್ನು ಪಕ್ಕಪಕ್ಕ ಇಟ್ಟರೆ ಅಚ್ಚರಿಯಾಗುತ್ತದೆ. ವಿಶ್ವದ ಹಿಗ್ಗಿನ ದರ (ಹಬಲ್ ದರ) ಒಂದು ಮೆಗಾಪಾರ್ಸೆಕ್‌ಗೆ, ಅಂದರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಸೆಕೆಂಡಿಗೆ ಸುಮಾರು 70 ಕಿಲೋಮೀಟರ್. ಇದನ್ನು ವರ್ಷದ ಲೆಕ್ಕಕ್ಕೆ ತಂದರೆ ದೂರಗಳು ವರ್ಷಕ್ಕೆ ಹತ್ತು ಸಾವಿರ ಕೋಟಿಯಲ್ಲಿ ಏಳು ಪಾಲಿನಷ್ಟು ಮಾತ್ರ ಹೆಚ್ಚುತ್ತವೆ. ಉಕ್ಕಿನ ಹಳಿ ಒಂದೇ ಡಿಗ್ರಿ ಬಿಸಿಯಾದಾಗ ಎಷ್ಟು ಪಾಲು ಹಿಗ್ಗುತ್ತದೋ, ಅಷ್ಟು ಪಾಲು ಹಿಗ್ಗಲು ವಿಶ್ವಕ್ಕೆ ಸುಮಾರು 1 ಲಕ್ಷ 70 ಸಾವಿರ ವರ್ಷ ಬೇಕು.

ಇಲ್ಲಿಯವರೆಗೆ ಹೆಚ್ಚು ಕೇಳಿಸಿಕೊಳ್ಳುತ್ತಿದ್ದ ಮೇಷ್ಟ್ರು ಕಾಗದ ತಮ್ಮ ಕಡೆಗೆ ಎಳೆದುಕೊಂಡರು.

“ನೀವಿಬ್ಬರೂ ಉದ್ದದ ಲೆಕ್ಕದಲ್ಲೇ ನಿಂತಿರಿ. ಗಣಿತದಲ್ಲೂ ನಾವು ವಿಸ್ತರಣೆ ಮಾಡುತ್ತೇವೆ. ಪಿಯುಸಿ ಮಕ್ಕಳಿಗೆ ದ್ವಿಪದ ವಿಸ್ತರಣೆ ಹೇಳಿಕೊಡುವಾಗ ‘ಇದು ಎಲ್ಲಿ ಬರುತ್ತೆ ಸಾರ್?’ ಅಂತ ಕೇಳುತ್ತಾರೆ. ಒಂದು ಮೀಟರ್ ಬದಿಯ ಉಕ್ಕಿನ ಘನ ತೆಗೆದುಕೊಳ್ಳಿ. 30 ಡಿಗ್ರಿ ಬಿಸಿ ಮಾಡಿ. ಪ್ರತಿ ಬದಿ 0.36 ಮಿಲಿಮೀಟರ್ ಬೆಳೆಯಿತು. ಘನದ ಗಾತ್ರ ಎಷ್ಟು ಹೆಚ್ಚಿತು?”

“ಮೂರು ಪಟ್ಟು ಅಂತ ಪುಸ್ತಕದಲ್ಲಿದೆ,” ಎಂದರು ಎಂಜಿನಿಯರ್. “ಗಾತ್ರದ ಹಿಗ್ಗಿನ ಗುಣಾಂಕ ಉದ್ದದ ಗುಣಾಂಕದ ಮೂರರಷ್ಟು.”

“ಆ ಮೂರು ಎಲ್ಲಿಂದ ಬಂತು? ಒಂದಕ್ಕೆ ಚಿಕ್ಕ ಹೆಚ್ಚಳ ಸೇರಿಸಿ ಘನ ಮಾಡಿದರೆ ಗುಣಾಂಕಗಳು 1, 3, 3, 1. ಮೊದಲ 1 ಹಳೆಯ ಘನ. ಮುಂದಿನ 3 ಅಂದರೆ ಮೂರು ಮುಖಗಳಿಗೆ ಹತ್ತಿದ ಮೂರು ತೆಳು ಹಾಳೆಗಳು. ಅವುಗಳ ಒಟ್ಟು ಗಾತ್ರ 1 ಲೀಟರ್ 80 ಮಿಲಿಲೀಟರ್. ಆಮೇಲಿನ 3 ಮೂರು ಅಂಚುಗಳ ಸಣ್ಣ ಕಡ್ಡಿಗಳು, ಎಲ್ಲ ಸೇರಿ 0.4 ಮಿಲಿಲೀಟರಿಗೂ ಸ್ವಲ್ಪ ಕಡಿಮೆ. ಕೊನೆಯ 1 ಮೂಲೆಯ ಪುಟ್ಟ ಘನ, ಒಂದು ಘನ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಹತ್ತಿರ. ವಿಸ್ತರಣೆ ಬರೆದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬಹುದು ಅನ್ನುವುದು ಕಣ್ಣಿಗೆ ಬೀಳುತ್ತದೆ.”

ಮೂರರಲ್ಲಿ ಒಂದನ್ನು ಆರಿಸುವ ಬಗೆ ಎಷ್ಟು, ಎರಡನ್ನು ಆರಿಸುವ ಬಗೆ ಎಷ್ಟು ಎಂಬುದೇ ಈ ಗುಣಾಂಕಗಳ ಗುಟ್ಟು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಎಂಬುದಕ್ಕೆ ಸಾರ್ವತ್ರಿಕ ಸೂತ್ರವನ್ನು ಕ್ರಿ.ಶ. 850ರ ಸುಮಾರಿಗೆ ಬರೆದಿಟ್ಟವರು ಮಹಾವೀರಾಚಾರ್ಯರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ ಅದು. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ರಾಜಧಾನಿ. ಅವರ ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಷಡ್ರಸಗಳದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಆರರಲ್ಲಿ ಮೂರು ರುಚಿ ಬೆರೆಸುವುದಾದರೆ ಆರು, ಐದು, ನಾಲ್ಕನ್ನು ಗುಣಿಸಿ, ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸಬೇಕು. ಸಿಗುವುದು 20. ಅದೇ ದಾರಿ ಹಿಡಿದರೆ ಘನದ 1, 3, 3, 1 ಕೂಡ ಬರುತ್ತದೆ.

“ಈ ಮೂರು ವಿಶ್ವದಲ್ಲೂ ಇದೆ ಸಾರ್!” ವಿದ್ಯಾರ್ಥಿನಿಯ ದನಿ ಏರಿತು. “1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ ಒಂದು ಸಮೀಕರಣ ಪ್ರಕಟಿಸಿದರು. ವಿಶ್ವದಲ್ಲಿ ಹರಡಿರುವ ದ್ರವ್ಯದ ಒಂದು ಚಿಕ್ಕ ತುಣುಕು ತೆಗೆದುಕೊಂಡರೆ ಅದರ ಗಾತ್ರ ಯಾವ ದರದಲ್ಲಿ ಹಿಗ್ಗುತ್ತದೆ, ಆ ದರ ಹೇಗೆ ಬದಲಾಗುತ್ತದೆ ಅಂತ ಅದು ಹೇಳುತ್ತದೆ. ಎಲ್ಲ ದಿಕ್ಕಿಗೂ ಸಮವಾಗಿ ಹಿಗ್ಗುವ ವಿಶ್ವದಲ್ಲಿ ಗಾತ್ರದ ದರ ಅಂದರೆ ಹಬಲ್ ದರದ ಮೂರರಷ್ಟು. ಉಕ್ಕಿನ ಘನದ ಅದೇ ಮೂರು, ಅದೇ ಕಾರಣಕ್ಕೆ. ಮುಂದೆ ಪೆನ್‌ರೋಸ್, ಹಾಕಿಂಗ್ ತಮ್ಮ ಪ್ರಮೇಯಗಳನ್ನು ಕಟ್ಟಿದ್ದು ಈ ಸಮೀಕರಣದ ಮೇಲೆ. ಸಾಮಾನ್ಯ ದ್ರವ್ಯವಷ್ಟೇ ಇದ್ದರೆ ಅದರ ಗುರುತ್ವ ಹಿಗ್ಗನ್ನು ನಿಧಾನಿಸಲೇಬೇಕು ಅನ್ನುತ್ತದೆ ಅದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.”

“ಒಂದು ಮಾತು ಉಳಿಯಿತು,” ಎಂದರು ಎಂಜಿನಿಯರ್. “ಉಕ್ಕು ಹಿಗ್ಗುವುದೇಕೆ? ಬಿಸಿಗೆ ಪರಮಾಣುಗಳು ಜೋರಾಗಿ ಕಂಪಿಸುತ್ತವೆ, ಅದಕ್ಕೆ ಅಂತ ನಾವು ಓದಿದ್ದು.”

“ಬರೀ ಕಂಪನ ಸಾಲದು. ಎಡಕ್ಕೂ ಬಲಕ್ಕೂ ಸಮನಾಗಿ ಕಂಪಿಸಿದರೆ ಸರಾಸರಿ ಜಾಗ ಬದಲಾಗುವುದೇ ಇಲ್ಲ. ಪರಮಾಣುಗಳ ನಡುವಿನ ಶಕ್ತಿಯನ್ನು ಸರಣಿಯಾಗಿ ವಿಸ್ತರಿಸಿ ಬರೆದರೆ ಮೊದಲು ವರ್ಗದ ಪದ ಬರುತ್ತದೆ. ಅದೊಂದೇ ಇದ್ದಿದ್ದರೆ ನಿಮ್ಮ ಹಳಿ ಒಂದು ಕೂದಲೆಳೆಯೂ ಹಿಗ್ಗುತ್ತಿರಲಿಲ್ಲ. ಮುಂದಿನದು ಘನದ ಪದ. ಪರಮಾಣುಗಳನ್ನು ಒತ್ತಿ ಹತ್ತಿರ ತರುವುದು ಕಷ್ಟ, ಎಳೆದು ದೂರ ಮಾಡುವುದು ಅದಕ್ಕಿಂತ ಸುಲಭ ಅನ್ನುವುದನ್ನು ಆ ಪದ ಹೇಳುತ್ತದೆ. ಹಾಗಾಗಿ ಕಂಪನ ಜೋರಾದಷ್ಟೂ ಸರಾಸರಿ ದೂರ ಹೆಚ್ಚುತ್ತದೆ.”

ಮೇಷ್ಟ್ರು ಹಿಗ್ಗಿದರು. “ಅಂದರೆ ಲೋಹದ ವಿಸ್ತರಣೆಗೆ ಕಾರಣ ಗಣಿತದ ವಿಸ್ತರಣೆಯ ಒಂದು ಪದ! ಇಂಥ ಸರಣಿಗಳಿಗೆ ಟೇಲರ್ ಹೆಸರಿದೆ, ಅವರ ಪುಸ್ತಕ 1715ರದ್ದು. ಜ್ಯಾ, ಚಾಪಗಳ ಅನಂತ ಸರಣಿಗಳನ್ನು ಕೇರಳದ ಸಂಗಮಗ್ರಾಮದ ಮಾಧವರು ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಕಂಡುಕೊಂಡಿದ್ದರು. ಮೊದಲ ಪದಕ್ಕೆ ತೃಪ್ತರಾಗದೆ ಮುಂದಿನ ಪದ ಏನು ಅಂತ ಕೇಳುವುದು ಈ ವಿದ್ಯೆಯ ಜೀವ.”

“ವಿಶ್ವದ ಕಥೆಯನ್ನೂ ಹಾಗೇ ಹೇಳಬಹುದು,” ಎಂದು ವಿದ್ಯಾರ್ಥಿನಿ ಕಾಗದ ತಿರುಗಿಸಿ ಬರೆದಳು. ಇಂದು ಎರಡು ಗೆಲಾಕ್ಸಿಗಳ ನಡುವಿನ ದೂರವನ್ನು ಒಂದು ಎಂದಿಟ್ಟುಕೊಂಡು, ಹಿಂದೆ ಎಷ್ಟಿತ್ತು ಎಂಬುದನ್ನು ಕಾಲದ ಸರಣಿಯಾಗಿ ವಿಸ್ತರಿಸಬಹುದು. ಮೊದಲ ಪದ ಆ ಒಂದು. ಎರಡನೆಯದರಲ್ಲಿ ಹಬಲ್ ದರ. ಮೂರನೆಯದರಲ್ಲಿ ಆ ಹಿಗ್ಗು ನಿಧಾನವಾಗುತ್ತಿದೆಯೇ, ಚುರುಕಾಗುತ್ತಿದೆಯೇ ಎಂಬ ಸಂಖ್ಯೆ.

ಎರಡನೆಯ ಪದವನ್ನು ಸರಿಯಾಗಿ ಅಳೆಯುವುದಕ್ಕೇ ದಶಕಗಳು ಬೇಕಾದವು. ಹಬಲ್‌ಗೆ ಮೊದಲು ಸಿಕ್ಕ ದರ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಅದನ್ನು ನಂಬಿ ಹಿಂದಕ್ಕೆ ಲೆಕ್ಕ ಹಾಕಿದರೆ ವಿಶ್ವಕ್ಕೆ ಸುಮಾರು 200 ಕೋಟಿ ವರ್ಷ ವಯಸ್ಸಾಗುತ್ತಿತ್ತು. ನಮ್ಮ ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ. ಕಲ್ಲು ತಾನಿರುವ ವಿಶ್ವಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಗೆಲಾಕ್ಸಿಗಳ ದೂರವನ್ನು ಅಳೆಯಲು ಬಳಸಿದ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆ ಎಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದ ಮೇಲೆ ದೂರಗಳು ಹಿಗ್ಗಿ, ದರ ಇಳಿಯತೊಡಗಿತು. ಈಗ ವಿಶ್ವದ ವಯಸ್ಸು 1,380 ಕೋಟಿ ವರ್ಷ ಎಂದು ಲೆಕ್ಕ.

“ಮೂರನೆಯ ಪದ 1998ರಲ್ಲಿ ಬಂತು. ದೂರದ ಸೂಪರ್‌ನೋವಾಗಳನ್ನು ನೋಡುತ್ತಿದ್ದ ಎರಡು ತಂಡಗಳು ಹಿಗ್ಗು ಎಷ್ಟು ನಿಧಾನವಾಗುತ್ತಿದೆ ಅಂತ ಅಳೆಯಲು ಹೊರಟಿದ್ದವು. ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿ ಕಂಡವು, ಅಂದರೆ ಹೆಚ್ಚು ದೂರದಲ್ಲಿದ್ದವು. ಹಿಗ್ಗು ಚುರುಕಾಗುತ್ತಿತ್ತು. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರಲ್ಲಿ ನೊಬೆಲ್ ಬಂತು. ಸಾಮಾನ್ಯ ದ್ರವ್ಯ ಹಿಗ್ಗನ್ನು ನಿಧಾನಿಸಲೇಬೇಕು ಅಂತ ರಾಯಚೌಧುರಿ ಸಮೀಕರಣ ಹೇಳಿತ್ತಲ್ಲ? ಹಾಗಾಗಿ ಸಾಮಾನ್ಯವಲ್ಲದ ಏನೋ ಇರಬೇಕು. ಅದಕ್ಕೆ ಡಾರ್ಕ್ ಎನರ್ಜಿ ಅಂತ ಹೆಸರಿಟ್ಟಿದ್ದಾರೆ.”

“ಈಗ ಎಲ್ಲರೂ ಒಪ್ಪುವ ದರ ಎಷ್ಟು?”

“ಒಪ್ಪಿಗೆ ಇಲ್ಲ. ವಿಶ್ವಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಹೊರಟ ಬೆಳಕು ಇಂದಿಗೆ ಸುಮಾರು 1,100 ಪಟ್ಟು ಹಿಗ್ಗಿ ಮೈಕ್ರೋವೇವ್ ಆಗಿ ಬರುತ್ತದೆ. ಅದನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4. ಹತ್ತಿರದ ನಕ್ಷತ್ರ, ಸೂಪರ್‌ನೋವಾ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆದವರಿಗೆ ಸಿಗುವುದು 73ರ ಆಸುಪಾಸು.”

“ಎರಡು ಅಳತೆ ತಾಳೆಯಾಗದಿದ್ದರೆ ಮೊದಲು ಅಳತೆಪಟ್ಟಿ ನೋಡಬೇಕು,” ಎಂದರು ಎಂಜಿನಿಯರ್.

“ಅದನ್ನೇ ಮಾಡಿದರು. ಹಬಲ್ ದೂರದರ್ಶಕ ನೋಡಿದ್ದ ನಕ್ಷತ್ರಗಳನ್ನೇ ಜೇಮ್ಸ್ ವೆಬ್‌ನಿಂದ ಮತ್ತೆ ನೋಡಿದರು. ರೀಸ್ ತಂಡಕ್ಕೆ ಹಳೆಯ ಅಳತೆಯಲ್ಲಿ ದೊಡ್ಡ ದೋಷ ಸಿಗಲಿಲ್ಲ. ಬೇರೆ ಬಗೆಯ ನಕ್ಷತ್ರ ಬಳಸುವ ಕೆಲವರಿಗೆ ನಡುವಿನ ಸಂಖ್ಯೆ ಬರುತ್ತಿದೆ. ಚರ್ಚೆ ನಡೆದೇ ಇದೆ.”

ಮೇಷ್ಟ್ರು ಕಾಗದದ ಮೇಲೆ ಬೆರಳಿಟ್ಟರು. “67.4 ನೇರ ಅಳತೆ ಅಲ್ಲ ಅಲ್ಲವಾ? 3.8 ಲಕ್ಷ ವರ್ಷದ ಹಂತದಿಂದ ಇಂದಿನವರೆಗೆ ನಮಗೆ ಗೊತ್ತಿರುವ ನಿಯಮ ಹಿಡಿದು ಮುಂದಕ್ಕೆ ಎಳೆದ ಲೆಕ್ಕ. ನಡುದಾರಿಯಲ್ಲಿ ನಾವು ಬರೆಯದೇ ಬಿಟ್ಟ ಪದವೊಂದು ಇದ್ದರೆ?”

“ಆ ನಡುದಾರಿಯ ಬಹುಪಾಲು ಯಾರೂ ಸರಿಯಾಗಿ ನೋಡಿಯೇ ಇಲ್ಲ. ಅದನ್ನು ನೋಡಲು ಹೊರಟವರಲ್ಲಿ ನಮ್ಮ ಊರಿನವರೂ ಇದ್ದಾರೆ.”

ಅವಳು ಹೇಳಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಸಾರಸ್ ಪ್ರಯೋಗದ ಬಗ್ಗೆ. ಹೈಡ್ರೋಜನ್ ಪರಮಾಣುವಿನ ರೇಡಿಯೋ ಅಲೆಯ ಉದ್ದ 21 ಸೆಂಟಿಮೀಟರ್, ಕಂಪನಾಂಕ 1,420 ಮೆಗಾಹರ್ಟ್ಸ್. ಮೊದಲ ನಕ್ಷತ್ರಗಳು ಹುಟ್ಟುತ್ತಿದ್ದ ಕಾಲದಲ್ಲಿ ಹೊರಟ ಅಂಥ ಅಲೆ ವಿಶ್ವದ ಜೊತೆಗೇ ಹಿಗ್ಗುತ್ತ ಬಂದು ಈಗ ಮೂರೂವರೆಯಿಂದ ಐದೂವರೆ ಮೀಟರ್ ಉದ್ದವಾಗಿದೆ. ಕಂಪನಾಂಕ 85ರಿಂದ 55 ಮೆಗಾಹರ್ಟ್ಸ್‌ಗೆ ಇಳಿದಿದೆ. ನಮ್ಮ ಎಫ್‌ಎಂ ರೇಡಿಯೋ ಶುರುವಾಗುವುದು 88ರಲ್ಲಿ. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3ರಲ್ಲಿದೆ. ಅಂದರೆ ಹದಿಮೂರು ಕೋಟಿಯಿಂದ ಇಪ್ಪತ್ತೈದು ಕೋಟಿ ವರ್ಷ ವಯಸ್ಸಿನ ವಿಶ್ವದ ಸುದ್ದಿ ಎಫ್‌ಎಂನ ಪಕ್ಕದ ಪಟ್ಟಿಯಲ್ಲೇ ಬರುತ್ತಿರಬೇಕು, ಆದರೆ ತೀರಾ ಕ್ಷೀಣವಾಗಿ.

2018ರ ಮಾರ್ಚ್‌ನಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಎಡ್ಜಸ್ ಎಂಬ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿಗಳು 78 ಮೆಗಾಹರ್ಟ್ಸ್ ಸುತ್ತ ಆ ಸುಳಿವು ಸಿಕ್ಕಿದೆ ಎಂದು ಪ್ರಕಟಿಸಿದರು. ಸಿಕ್ಕ ಸುಳಿವು ನಿರೀಕ್ಷೆಗಿಂತ ಬಲವಾಗಿತ್ತು. ಅದು ನಿಜವಾದರೆ ಹೊಸ ಭೌತಶಾಸ್ತ್ರವೇ ಬೇಕಾಗುತ್ತಿತ್ತು. ರಾಮನ್ ಸಂಸ್ಥೆಯವರು ಸಾರಸ್–3 ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟು ಪರೀಕ್ಷೆಗೆ ಇಳಿದರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು, ಕಲ್ಲಿನ ಪದರಗಳು ಅಲೆಯನ್ನು ಒಂದೊಂದು ರೀತಿ ಪ್ರತಿಫಲಿಸಿ ಲೆಕ್ಕ ಕೆಡಿಸುತ್ತವೆ. ಕೆರೆಯ ನೀರು ಎಲ್ಲ ಕಡೆ ಒಂದೇ ತೆರನಾಗಿರುತ್ತದೆ. 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ ಮತ್ತು ಶರಾವತಿ ಹಿನ್ನೀರಿನಲ್ಲಿ ಅಳತೆ ನಡೆಯಿತು. ಆಸ್ಟ್ರೇಲಿಯಾದ ಸುಳಿವನ್ನು ಶೇಕಡಾ 95.3ರಷ್ಟು ಖಚಿತತೆಯಿಂದ ತಳ್ಳಿಹಾಕಿದ ಫಲಿತಾಂಶ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು.

“ಶರಾವತಿಯ ನೀರಿನ ಮೇಲೆ ಕುಳಿತು ವಿಶ್ವದ ಹಿಗ್ಗು ಅಳೆದರು ಅನ್ನಿ,” ಎಂದ ಎಂಜಿನಿಯರ್ ಮಾತಿನಲ್ಲಿ ಹೆಮ್ಮೆಯಿತ್ತು.

“ಹಿಗ್ಗಿ ಬಂದ ಅಲೆಯನ್ನು ಹುಡುಕಿದರು. ಅದು ಹಿಗ್ಗಿನ ದರವನ್ನು ನೇರವಾಗಿ ಹೇಳುವುದಿಲ್ಲ. ಮೊದಲ ನಕ್ಷತ್ರಗಳು ಯಾವಾಗ ಹೊತ್ತಿದವು, ಸುತ್ತಲ ಅನಿಲ ಎಷ್ಟು ತಣ್ಣಗಿತ್ತು ಅಂತ ಹೇಳುತ್ತದೆ. ಆದರೆ ಮೇಷ್ಟ್ರು ಕೇಳಿದ ನಡುದಾರಿಯಲ್ಲಿ ನಮ್ಮ ನಿಯಮ ಸರಿಯಾಗಿ ನಡೆದಿದೆಯಾ ಅಂತ ತಾಳೆ ನೋಡುವುದಕ್ಕೆ ಅಲ್ಲೊಂದು ಅಳತೆ ಬೇಕೇಬೇಕು.”

“ಇಲ್ಲಿ ಎಫ್‌ಎಂ, ಟಿ.ವಿ. ಗದ್ದಲ ಇಷ್ಟಿರುವಾಗ?”

“ಅದಕ್ಕೇ ಚಂದ್ರನ ಸುತ್ತ ಕಳಿಸುವ ಯೋಜನೆ ಇದೆ. ಪ್ರತ್ಯುಷ್ ಅಂತ ಹೆಸರು, ರಾಮನ್ ಸಂಸ್ಥೆಯವರದ್ದೇ. ಚಂದ್ರನ ಹಿಂಬದಿಗೆ ಹೋದಾಗ ಭೂಮಿಯ ರೇಡಿಯೋ ಗದ್ದಲವನ್ನೆಲ್ಲ ಚಂದ್ರನೇ ಮರೆಮಾಡುತ್ತಾನೆ. ಆ ಹೊತ್ತಿನಲ್ಲಿ ಕೇಳಿಸಿಕೊಳ್ಳಬೇಕು.”

“ಆ ಉಪಕರಣವೂ ಬಿಸಿಲಿಗೆ ಬಂದಾಗ ಕಾಯುತ್ತೆ, ನೆರಳಿಗೆ ಹೋದಾಗ ತಣಿಯುತ್ತೆ,” ಎಂಜಿನಿಯರ್ ಪೆನ್ನು ತೆಗೆದುಕೊಂಡರು. “ಆಂಟೆನಾದ ಲೋಹ ಯಾವುದು, ಉದ್ದ ಎಷ್ಟು ಹೇಳಿ. ಅದು ಎಷ್ಟು ಹಿಗ್ಗಬಹುದು, ಅದರಿಂದ ಅವರ ಅಳತೆ ಎಷ್ಟು ತಪ್ಪಬಹುದು ನೋಡೋಣ.”